ಟ್ರಿನಿಡಾಡ್‌ಗೆ ಕೆಲಸದ ಮೇಲೆ ಹೋಗುವುದು: ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ?

ಕೊಪ್ಪದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಮಂಗಳೂರು ಕಡೆ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಇದ್ದಾರೆ. ಈಗ ಟ್ರಿನಿಡಾಡ್‌ನ ಪಾಯಿಂಟ್ ಲೀಸಾಸ್ ಅನ್ನುವ ಜಾಗದಿಂದ ಆಫರ್ ಬಂದಿದೆ. ಅಮೋನಿಯಾ ಪ್ಲಾಂಟು, ಮೂರು ವರ್ಷ. ಅತ್ತೆ "ಅದು ಆಫ್ರಿಕಾದಲ್ಲಾ?" ಅಂತ ಕೇಳಿದರು. ಮೈದುನ "ಅಲ್ಲಮ್ಮ, ಬ್ರಯಾನ್ ಲಾರಾ ಊರು" ಅಂದ. ಅಷ್ಟಕ್ಕೇ ಅವರಿಗೆ ಸಮಾಧಾನ ಆಯಿತು, ನನಗೆ ಆಗಲಿಲ್ಲ.

ಮ್ಯಾಪಿನಲ್ಲಿ ನೋಡಿದರೆ ವೆನೆಜುವೆಲಾ ಪಕ್ಕ ಒಂದು ಚುಕ್ಕೆ. ಯೂಟ್ಯೂಬಿನಲ್ಲಿ ಹುಡುಕಿದರೆ ಬರೀ ಕಾರ್ನಿವಲ್ ಕುಣಿತ, ಇಲ್ಲ ಅಂದರೆ ಕೊಲೆ ಸುದ್ದಿ. ಆರು ವರ್ಷದ ಮಗಳಿದ್ದಾಳೆ. ಅದು ಎಂಥಾ ದೇಶ, ಹೇಗೆ ಬದುಕುತ್ತಾರೆ, ಜನ ಹೇಗೆ, ಊಟಕ್ಕೆ ಏನು ಸಿಗುತ್ತದೆ, ದಯವಿಟ್ಟು ಗೊತ್ತಿದ್ದವರು ಹೇಳಿ.

ಸ್ವದೇಶಿ ಸೀನ

ಅಯ್ಯೋ ಏನೂ ಯೋಚನೆ ಮಾಡಬೇಡಿ ಮೇಡಂ. ಅದು ಮಿನಿ ಇಂಡಿಯಾ. ಪ್ರಧಾನಿ ನಮ್ಮವರೇ, ಕಮಲಾ ಅಂತ ಹೆಸರು. ದೀಪಾವಳಿಗೆ ಸರ್ಕಾರಿ ರಜೆ. ಇನ್ನೇನು ಬೇಕು? ಧೈರ್ಯವಾಗಿ ಹೋಗಿ.

ಹಳೇ ಜಹಾಜಿ

ಮೇಡಂ, ನಾನು ಕೂವಾದಲ್ಲಿ ನಾಲ್ಕು ವರ್ಷ ಇದ್ದೆ, 2012ರಿಂದ 2016. ಪಾಯಿಂಟ್ ಲೀಸಾಸ್ ಅಲ್ಲೇ ಪಕ್ಕ, ರಾತ್ರಿ ನಮ್ಮ ಮಹಡಿಯಿಂದ ಪ್ಲಾಂಟಿನ ಫ್ಲೇರ್, ಅಂದರೆ ಗ್ಯಾಸ್ ಉರಿಸುವ ಬೆಂಕಿ, ಕಾಣುತ್ತಿತ್ತು. ಸೀನಣ್ಣ ಹೇಳಿದ್ದು ಒಂದೂ ಸುಳ್ಳಲ್ಲ. ಆದರೆ ಮಿನಿ ಇಂಡಿಯಾ ಅಂದುಕೊಂಡು ಹೋದರೆ ಮೊದಲ ಆರು ತಿಂಗಳು ಬರೀ ಗೊಂದಲ. ನನಗೆ ಆಗಿದ್ದೇ ಅದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲಿಗೆ, ನೀಲಿ ನೀರು ಬಿಳಿ ಮರಳು ಅನ್ನುವ ಫೋಟೋ ಮರೆತುಬಿಡಿ. ಅದು ಟೊಬೇಗೊ, ಪಕ್ಕದ ಸಣ್ಣ ದ್ವೀಪ, 300 ಚದರ ಕಿ.ಮೀ. ಇರಬಹುದು. ನೀವು ಹೋಗುವುದು ಟ್ರಿನಿಡಾಡ್‌ಗೆ, ಅದು ಹೆಚ್ಚು ಕಡಿಮೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟು ದೊಡ್ಡದು. ಎರಡೂ ಸೇರಿ ಒಂದು ದೇಶ, ಜನ ಸುಮಾರು 14 ಲಕ್ಷ. ವೆನೆಜುವೆಲಾ ಎಷ್ಟು ಹತ್ತಿರ ಅಂದರೆ ಒಂದು ಕಡೆ ಬರೀ 11 ಕಿ.ಮೀ. ಸಮುದ್ರ. ಅಲ್ಲಿನ ಒರಿನೋಕೊ ನದಿಯ ಮಣ್ಣು ಬಂದು ಸೇರುವುದರಿಂದ ಕೂವಾ ಕಡೆ ಕಡಲು ನಮ್ಮ ಮಳೆಗಾಲದ ತುಂಗೆಯ ಬಣ್ಣ. ಉತ್ತರಕ್ಕೆ ಮಾತ್ರ ಬೆಟ್ಟಸಾಲು, ದಟ್ಟ ಕಾಡು, ಆ ಬೆಟ್ಟ ಇಳಿದರೆ ಮರಾಕಸ್ ಬೀಚು. ಕೊಪ್ಪದವರಿಗೆ ಆ ದಾರಿ ಇಷ್ಟ ಆಗುತ್ತದೆ.

ಚಂಡಮಾರುತದ ಹೆದರಿಕೆ ಇದ್ದರೆ, ಅದು ಬೇರೆ ದ್ವೀಪಗಳಿಗೆ ಹೋಲಿಸಿದರೆ ತುಂಬಾ ಕಡಿಮೆ. ದೇಶ ಆ ಹಾದಿಯ ದಕ್ಷಿಣಕ್ಕೆ ಇದೆ. 1963ರಲ್ಲಿ ಫ್ಲೋರಾ ಅನ್ನುವುದು ಟೊಬೇಗೊವನ್ನು ನುಣ್ಣಗೆ ಮಾಡಿಬಿಟ್ಟಿತ್ತು, ಹಳಬರು ಇನ್ನೂ ಅದರ ಮಾತಾಡುತ್ತಾರೆ.

ಸೆಖೆ ವರ್ಷವಿಡೀ. ಜೂನ್‌ನಿಂದ ಡಿಸೆಂಬರ್ ಮಳೆ, ಆಮೇಲೆ ಒಣ ಹವೆ. ಮಂಗಳೂರಿನಲ್ಲಿ ಬದುಕಿದವರಿಗೆ ಏನೂ ಅನಿಸಲ್ಲ.

ಕೊಪ್ಪದ ಹುಡುಗಿ

ತುಂಬಾ ಥ್ಯಾಂಕ್ಸ್ ಅಣ್ಣ. ಗೊಂದಲ ಅಂದಿರಲ್ಲ, ಏನು ಗೊಂದಲ?

ಹಳೇ ಜಹಾಜಿ

ಒಂದು ಕಥೆ ಹೇಳುತ್ತೇನೆ. ಹೋದ ಮೊದಲನೇ ವಾರ ಪಕ್ಕದ ಮನೆ ಮುದುಕಿ ಗೇಟಿಗೆ ಬಂದರು. ಎಂಬತ್ತು ದಾಟಿದವರು, ತಲೆ ಮೇಲೆ ಬಿಳಿ ಓಢ್ನಿ, ಕೈಯಲ್ಲಿ ಬೆಳ್ಳಿ ಬಳೆ. ನೋಡಿದರೆ ಥೇಟ್ ಬಿಹಾರದ ಅಜ್ಜಿ. ನಾನು ಗೊತ್ತಿದ್ದ ಹರಕುಮುರುಕು ಹಿಂದಿಯಲ್ಲಿ ಮಾತು ಶುರು ಮಾಡಿದೆ. ಅವರು ನಕ್ಕುಬಿಟ್ಟರು. ಅವರಿಗೆ ಬರುತ್ತಿದ್ದುದು ಅಲ್ಲಿನ ಇಂಗ್ಲಿಷ್ ಒಂದೇ, ಅದೂ ನನಗೆ ಅರ್ಥ ಆಗದ ರಾಗದಲ್ಲಿ. ಭೋಜಪುರಿ ಅವರ ತಾಯಿಯ ಜೊತೆಗೇ ಹೋಗಿತ್ತಂತೆ. ಉಳಿದಿದ್ದು ಭಜನೆ, ಮದುವೆ ಹಾಡು, ಅಡುಗೆಮನೆಯ ಮಾತು, ಸಂಬಂಧದ ಮಾತು. ಅಪ್ಪನ ಅಪ್ಪ ಅಮ್ಮನಿಗೆ ಅಲ್ಲಿ ಆಜಾ, ಆಜೀ ಅನ್ನುತ್ತಾರೆ. ನಾನು ನಮ್ಮಲ್ಲೂ ಅಜ್ಜ ಅಜ್ಜಿ ಅಂದೆ. ಅಲ್ಲಿಂದ ಅವರು ನನಗೆ ಆಜೀನೇ.

ಆಮೇಲೆ ಕೇಳಿದರು, ನಿನ್ನ ಭಾಷೆ ಯಾವುದು ಅಂತ. ಕನ್ನಡ ಅಂದೆ. ಅವರ ಮುಖ ಅರಳಿತು. "ಓ, ಕೆನಡಾ! ನನ್ನ ಮೊಮ್ಮಕ್ಕಳು ಟೊರಾಂಟೊದಲ್ಲೇ ಇರುವುದು!" ಅಂದರು. ನಾಲ್ಕು ವರ್ಷ ತಿದ್ದಲು ನೋಡಿದೆ, ಆಗಲಿಲ್ಲ. ಅವರನ್ನೂ ಅನ್ನುವ ಹಾಗಿಲ್ಲ ಬಿಡಿ. ಆ ಭಾಗದಲ್ಲಿ ಭಾರತೀಯರ ಮಕ್ಕಳಿಗೆ ಮೊದಲು ಶಾಲೆ ತೆರೆದವರೇ ಕೆನಡಾದ ಪ್ರೆಸ್ಬಿಟೇರಿಯನ್ ಮಿಷನರಿಗಳು, 1868ರಿಂದ. ಈಗಲೂ ಆ ಶಾಲೆಗಳಿಗೆ ಒಳ್ಳೆ ಹೆಸರಿದೆ, ಮಗಳಿಗೆ ವಿಚಾರಿಸಿ ನೋಡಿ.

ತುಂಗಾ ತೀರ

ಇತಿಹಾಸ ಯಾರೂ ಹೇಳಲಿಲ್ಲ, ಹಾಗಾಗಿ ಬಾಯಿ ಹಾಕುತ್ತಿದ್ದೇನೆ. ಅಲ್ಲಿಗೆ ಹೋಗಿಲ್ಲ, ಓದಿರುವುದು ಅಷ್ಟೆ.

1498ರಲ್ಲಿ ಕೊಲಂಬಸ್ ಮೂರನೇ ಸಲ ಬಂದಾಗ ಈ ದ್ವೀಪ ನೋಡಿ ಟ್ರಿನಿಡಾಡ್ ಅಂತ ಹೆಸರಿಟ್ಟ. ಮೂಲ ಜನ ಬೇರೆಯೇ ಇದ್ದರು, ಹೆಚ್ಚಿನವರು ರೋಗಕ್ಕೂ ದುಡಿತಕ್ಕೂ ಸತ್ತರು. ಸ್ಪೇನ್ ಸುಮಾರು ಮುನ್ನೂರು ವರ್ಷ ಆಳಿತು, ಆದರೆ ಅಲ್ಲಿಗೆ ಬಂದು ನೆಲೆಸುವವರೇ ಇಲ್ಲ. ಹಾಗಾಗಿ 1783ರಲ್ಲಿ ಕ್ಯಾಥೊಲಿಕರು ಯಾರೇ ಬಂದರೂ ಜಮೀನು ಕೊಡುತ್ತೇವೆ ಅಂತ ಆಜ್ಞೆ ಹೊರಡಿಸಿದರು. ಬೇರೆ ದ್ವೀಪಗಳ ಫ್ರೆಂಚ್ ತೋಟದವರು ಗುಲಾಮರನ್ನು ಕಟ್ಟಿಕೊಂಡು ಬಂದರು. ಅದಕ್ಕೇ ಸ್ಪ್ಯಾನಿಷ್ ದ್ವೀಪದಲ್ಲಿ ಊರಿನ ಹೆಸರು ಎಷ್ಟೋ ಫ್ರೆಂಚ್, ಕಾರ್ನಿವಲ್ಲೂ ಅವರ ಕಾಲದ್ದೇ. 1797ರಲ್ಲಿ ಬ್ರಿಟಿಷರು ಕಿತ್ತುಕೊಂಡರು. ಟೊಬೇಗೊ ಕಥೆ ಬೇರೆ, ಅದು ಎಷ್ಟು ಸಲ ಕೈ ಬದಲಾಯಿಸಿತು ಅಂತ ಲೆಕ್ಕ ಇಡುವುದೇ ಕಷ್ಟ. ಟ್ರಿನಿಡಾಡ್ ಜೊತೆ ಸೇರಿದ್ದು 1889ರಲ್ಲಿ.

1834ರಲ್ಲಿ ಗುಲಾಮಗಿರಿ ರದ್ದಾಯಿತು, ಆದರೂ ಇನ್ನೂ ನಾಲ್ಕು ವರ್ಷ "ಅಪ್ರೆಂಟಿಸ್" ಅಂತ ಹೆಸರಿಟ್ಟು ಅದೇ ಮಾಲೀಕರ ಹತ್ತಿರ ದುಡಿಸಿಕೊಂಡರು. 1838ಕ್ಕೆ ನಿಜವಾದ ಬಿಡುಗಡೆ ಸಿಕ್ಕಿದ ಕೂಡಲೇ ಕರಿಯ ಜನ ಕಬ್ಬಿನ ಗದ್ದೆಗೆ ಬೆನ್ನು ತಿರುಗಿಸಿದರು. ಯಾರು ತಿರುಗಿಸಲ್ಲ ಹೇಳಿ. ಆಗ ಮಾಲೀಕರ ಕಣ್ಣು ಭಾರತದ ಮೇಲೆ ಬಿತ್ತು. ಫಾತೆಲ್ ರಜಾಕ್ ಅನ್ನುವ ಹಡಗು ಕಲ್ಕತ್ತೆಯಿಂದ ಹೊರಟು 1845ರ ಮೇ 30ಕ್ಕೆ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ತಲುಪಿತು, ಅದರಲ್ಲಿ ಇನ್ನೂರು ಚಿಲ್ಲರೆ ಜನ. 1917ರವರೆಗೆ 1 ಲಕ್ಷ 40 ಸಾವಿರಕ್ಕೂ ಜಾಸ್ತಿ ಜನ ಹೀಗೆ ಕರಾರು ಕೂಲಿಗಳಾಗಿ ಹೋದರು. ಬಹುಪಾಲು ಈಗಿನ ಉತ್ತರ ಪ್ರದೇಶ, ಬಿಹಾರದವರು. ಮದ್ರಾಸಿನಿಂದಲೂ ಕೆಲವು ಹಡಗು ಹೋಗಿವೆ. ಐದು ವರ್ಷದ ಕರಾರು, ಪಾಸಿಲ್ಲದೆ ತೋಟ ದಾಟಿದರೆ ಜೈಲು. ಕರಾರು ಮುಗಿದ ಮೇಲೆ ವಾಪಸ್ ಬಂದವರು ಕಡಿಮೆ. ಒಂದೇ ಹಡಗಿನಲ್ಲಿ ಬಂದವರು ಒಬ್ಬರಿಗೊಬ್ಬರು "ಜಹಾಜಿ ಭಾಯಿ" ಆದರು, ಎಷ್ಟೋ ಜನಕ್ಕೆ ಜಾತಿಗಿಂತ ಆ ನಂಟೇ ದೊಡ್ಡದಾಯಿತು. ಮೇಲೆ ಬರೆದಿರುವ ಅಣ್ಣನ ಹೆಸರು ಅಲ್ಲಿಂದಲೇ ಬಂದಿದ್ದು ಅಂದುಕೊಳ್ಳುತ್ತೇನೆ.

1962 ಆಗಸ್ಟ್ 31ಕ್ಕೆ ಸ್ವಾತಂತ್ರ್ಯ. ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್, ಸ್ವತಃ ದೊಡ್ಡ ಇತಿಹಾಸಕಾರ, 1981ರಲ್ಲಿ ಸಾಯುವವರೆಗೂ ಕುರ್ಚಿ ಬಿಡಲಿಲ್ಲ.

ಹಳೇ ಜಹಾಜಿ

ಸರಿಯಾಗಿ ಹಿಡಿದಿರಿ, ಹೆಸರು ಅದೇ. ಆಜೀ ಇಟ್ಟಿದ್ದು, ವಿಮಾನದಲ್ಲಿ ಬಂದವನಿಗೆ.

ಸೀನಣ್ಣನಿಗೆ ಒಂದು ಮಾತು. 2011ರ ಜನಗಣತಿ ಪ್ರಕಾರ ಭಾರತೀಯ ಮೂಲದವರು ಶೇ. 35ರಷ್ಟು, ಆಫ್ರಿಕನ್ ಮೂಲದವರು ಶೇ. 34ರಷ್ಟು, ಮಿಶ್ರ ಮೂಲದವರು ಶೇ. 23ರ ಹತ್ತಿರ. ಯಾರೂ ಬಹುಮತ ಅಲ್ಲ. ಹಿಂದೂಗಳು ಶೇ. 18 ಅಷ್ಟೆ. ಕಮಲಾ ಪರ್ಸಾದ್ ಬಿಸ್ಸೇಸರ್ 2010ರಲ್ಲಿ ಮೊದಲ ಮಹಿಳಾ ಪ್ರಧಾನಿ ಆದರು, 2025ರಲ್ಲಿ ಮತ್ತೆ ಗೆದ್ದರು, ಸರಿ. ಅವರಿಗಿಂತ ಮೊದಲು 1995ರಲ್ಲಿ ಬಾಸ್‌ದೇವ್ ಪಾಂಡೆ ಆಗಿದ್ದರು. ಆದರೆ ಅವರು ಟ್ರಿನಿಡಾಡಿನವರು. "ನೀವು ನಮ್ಮವರು" ಅಂತ ಹೆಗಲ ಮೇಲೆ ಕೈ ಹಾಕಲು ಹೋದರೆ ಅಲ್ಲಿ ನಗುತ್ತಾರೆ. ಕೆಲವರಿಗೆ ಸಿಟ್ಟೂ ಬರುತ್ತದೆ.

ಓಟು ಮಾತ್ರ ಹೆಚ್ಚು ಕಡಿಮೆ ಜನಾಂಗದ ಮೇಲೇ ಬೀಳುತ್ತದೆ. ಎರಡು ದೊಡ್ಡ ಪಕ್ಷ, ಒಂದಕ್ಕೆ ಆಫ್ರಿಕನ್ ಮೂಲದವರು ಜಾಸ್ತಿ, ಇನ್ನೊಂದಕ್ಕೆ ಭಾರತೀಯ ಮೂಲದವರು. ಚುನಾವಣೆ ಹೊತ್ತಿಗೆ ಮಾತು ಕೆಡುತ್ತದೆ. ಮುಗಿದ ಮೇಲೆ ಅವರೇ ಒಟ್ಟಿಗೆ ಕೂತು ಹರಟುತ್ತಾರೆ. ಅದಕ್ಕೆ ಅಲ್ಲಿ ಲೈಮಿಂಗ್ ಅನ್ನುತ್ತಾರೆ, ನಮ್ಮ ಅರಳಿಕಟ್ಟೆ ಹರಟೆಗೆ ಬಿಯರ್ ಸೇರಿಸಿಕೊಳ್ಳಿ. ನಮ್ಮಿಂದ ಹೋದವರು ಕೆಲವರು ಕರಿಯ ಜನರ ಬಗ್ಗೆ ಆಡುವ ಮಾತು ಕೇಳಿ ನನಗೆ ನಾಚಿಕೆ ಆಗಿದೆ. ದಯವಿಟ್ಟು ಅದನ್ನು ಇಲ್ಲೇ ಬಿಟ್ಟು ಹೋಗಿ. ಪ್ಲಾಂಟಿನಲ್ಲಿ ನನಗೆ ಕೆಲಸ ಕಲಿಸಿದ ಫೋರ್‌ಮನ್ ಟೊಬೇಗೊದವನು. ಅವನಷ್ಟು ತಾಳ್ಮೆ ಇದ್ದವರನ್ನು ಇಲ್ಲಿ ಕಂಡಿಲ್ಲ.

ಸ್ವದೇಶಿ ಸೀನ

ನಾನು ಒಳ್ಳೆ ಅರ್ಥದಲ್ಲೇ ಹೇಳಿದ್ದು ಸಾರ್. ಆದರೂ ನಂಟು ಇಲ್ಲ ಅನ್ನಬೇಡಿ. ಮೈಸೂರಿನ ದತ್ತಪೀಠದ ಆಂಜನೇಯ ಅಲ್ಲೇ ಇದ್ದಾನಲ್ಲ?

ಹಳೇ ಜಹಾಜಿ

ಅದು ನಿಜ, ಮರೆತೇಬಿಟ್ಟಿದ್ದೆ! ಕೂವಾ ಹತ್ತಿರ ಕ್ಯಾರಾಪಿಚೈಮಾದಲ್ಲಿ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತಾತ್ರೇಯ ದೇವಸ್ಥಾನ, ಮುಂದೆ 85 ಅಡಿ ಎತ್ತರದ ಹನುಮಂತ. ದಕ್ಷಿಣದ ಗೋಪುರ ನೋಡಿ ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಆದರೆ ನನ್ನನ್ನು ಜಾಸ್ತಿ ಹಿಡಿದಿದ್ದು ಅಲ್ಲಿಂದ ಸ್ವಲ್ಪ ದೂರದ ವಾಟರ್‌ಲೂನಲ್ಲಿ ಸಮುದ್ರದೊಳಗೆ ಇರುವ ಸಣ್ಣ ಗುಡಿ. ಸೇವ್‌ದಾಸ್ ಸಾಧು ಅಂತ ಒಬ್ಬ ಕಬ್ಬಿನ ಕೂಲಿ 1947ರಲ್ಲಿ ದಡದಲ್ಲಿ ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದು. ಗುಡಿ ಒಡೆದು ಹಾಕಿ, ಅವನನ್ನು 14 ದಿನ ಜೈಲಿಗೂ ಹಾಕಿದರು. ಹೊರಗೆ ಬಂದವನು ಏನು ಮಾಡಿದ ಗೊತ್ತಾ? ನೆಲ ನಿಮ್ಮದಾದರೆ ಸಮುದ್ರ ಯಾರದು ಅಂತ, ಸೈಕಲ್ ಮೇಲೆ ಕಲ್ಲು ಹೇರಿಕೊಂಡು, ಬಕೆಟ್ಟಿನಲ್ಲಿ ಸಿಮೆಂಟು ಹೊತ್ತುಕೊಂಡು, ಖಾಲಿ ಡ್ರಮ್ಮಿಗೆ ಕಾಂಕ್ರೀಟ್ ತುಂಬಿ, ನೀರು ಇಳಿದಾಗೆಲ್ಲ ಒಂದೊಂದೇ ಇಡುತ್ತಾ ಹೋದ. ಇಪ್ಪತ್ತೈದು ವರ್ಷ. ಅವನು ಹೋದ ಮೇಲೆ ಅಲೆ ಅರ್ಧ ತಿಂದು ಹಾಕಿತ್ತು, 1995ರ ಹೊತ್ತಿಗೆ ಸರ್ಕಾರವೇ ಸರಿ ಮಾಡಿಸಿತು. ಈಗ ಸೇತುವೆ ಮೇಲೆ ನಡೆದು ಹೋಗಬಹುದು. ನೀರು ಇಳಿದಾಗ ಹೋದರೆ ಗುಡಿ ಸುತ್ತ ಬರೀ ಕೆಸರು, ಅದರಲ್ಲಿ ಏಡಿ ಓಡಾಡುತ್ತಿರುತ್ತವೆ. ನಾನು ಹೋದಾಗ ದಡದಲ್ಲಿ ಯಾರದೋ ಚಿತೆ ಉರಿಯುತ್ತಿತ್ತು, ಪಕ್ಕದಲ್ಲೇ ಹುಡುಗರು ಗಾಳಿಪಟ ಹಾರಿಸುತ್ತಿದ್ದರು.

ಇನ್ನು ಸಿಪಾರಿಯಾ ಊರಿನ ಚರ್ಚಿನಲ್ಲಿ ಕಪ್ಪು ಬಣ್ಣದ ಮೇರಿ ಮಾತೆ ಇದ್ದಾಳೆ. ಗುಡ್ ಫ್ರೈಡೇ ಹೊತ್ತಿಗೆ ಹಿಂದೂಗಳು ಸಾಲುಗಟ್ಟಿ ಬರುತ್ತಾರೆ, ಸಿಪಾರಿ ಮಾಯಿ ಅಂತ ಕರೆದು ಎಣ್ಣೆ, ಅಕ್ಕಿ, ಹೂವು ಕೊಡುತ್ತಾರೆ.

ಹುಬ್ಬಳ್ಳಿ ಮಂದಿ

ಅಣ್ಣಾರ, ಅಲ್ಲಿ ಮೊಹರಂ ಭಾಳ ಜೋರು ಅಂತ ಕೇಳೀನಿ, ಖರೆ ಏನು?

ತುಂಗಾ ತೀರ

ಖರೆ. ಅಲ್ಲಿ ಹೊಸೇ ಅನ್ನುತ್ತಾರೆ, ಹುಸೇನ್ ಹೆಸರಿನಿಂದ ಬಂದಿದ್ದು. ತಾಜಿಯಾ ಕಟ್ಟುತ್ತಾರೆ, ತಾಸೆ ಬಡಿಯುತ್ತಾರೆ. ನಿಮ್ಮ ಕಡೆ ಅಲಾಯಿ ಕುಣಿತಕ್ಕೆ ಊರಿಗೆ ಊರೇ ಸೇರುವ ಹಾಗೆ ಅಲ್ಲೂ ಹಿಂದೂಗಳು, ಆಫ್ರಿಕನ್ನರು ಎಲ್ಲ ಸೇರುತ್ತಿದ್ದರು. ಅದೇ ಬ್ರಿಟಿಷರಿಗೆ ಭಯ ಹುಟ್ಟಿಸಿದ್ದು. 1884ರಲ್ಲಿ ಮೆರವಣಿಗೆ ಪೇಟೆಯೊಳಗೆ ಬರಬಾರದು ಅಂತ ಕಟ್ಟಳೆ ಮಾಡಿದರು. ಜನ ಬಂದೇ ಬಂದರು. ಸ್ಯಾನ್ ಫರ್ನಾಂಡೊದಲ್ಲಿ ಗುಂಡು ಹಾರಿಸಿದರು, ಕಡಿಮೆ ಅಂದರೂ 16 ಜನ ಸತ್ತರು.

ಅದೇ ಕಾಲದಲ್ಲಿ ಆಫ್ರಿಕನ್ನರ ಡೋಲಿಗೂ ನಿಷೇಧ ಬಿತ್ತು. ಅವರು ಬಿದಿರು ಕುಟ್ಟಿ ತಾಳ ಹಾಕಿದರು. ಆಮೇಲೆ ಬಿಸ್ಕತ್ ಡಬ್ಬ, ಕಸದ ಬುಟ್ಟಿ ಮುಚ್ಚಳ, ಕೊನೆಗೆ ಎಣ್ಣೆ ಡ್ರಮ್ಮು. ಆ ಡ್ರಮ್ಮಿನ ತಳವನ್ನು ಬಡಿದು ಬಡಿದು ಸ್ವರ ಕೂರಿಸಿ ಸ್ಟೀಲ್‌ಪ್ಯಾನ್ ಮಾಡಿದರು. ದೇಶದ ಲಾಂಛನದಲ್ಲಿದ್ದ ಕೊಲಂಬಸ್ಸನ ಮೂರು ಹಡಗು ತೆಗೆದು ಆ ಜಾಗದಲ್ಲಿ ಸ್ಟೀಲ್‌ಪ್ಯಾನ್ ಇಡುವುದು ಅಂತ 2024ರಲ್ಲಿ ತೀರ್ಮಾನ ಆಯಿತು.

ಗುಂಡಪ್ಪನ ಫ್ಯಾನ್

ಕ್ರಿಕೆಟ್ ಯಾರೂ ಎತ್ತಲೇ ಇಲ್ಲ, ಏನ್ರಪ್ಪಾ ನೀವು!

1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನ್, ಕ್ವೀನ್ಸ್ ಪಾರ್ಕ್ ಓವಲ್, ವೆಸ್ಟ್ ಇಂಡೀಸ್ ಎದುರು ನಮ್ಮ ಟೆಸ್ಟು. ಗಯಾನಾದಲ್ಲಿ ಮಳೆ ಅಂತ ಮ್ಯಾಚು ಇಲ್ಲಿಗೆ ಬಂತು. ನಾಲ್ಕನೇ ಇನ್ನಿಂಗ್ಸಿನಲ್ಲಿ ನಮಗೆ ಗೆಲ್ಲಲು 403 ಬೇಕು. ಗವಾಸ್ಕರ್ 102, ನಮ್ಮ ವಿಶಿ (ಗುಂಡಪ್ಪ ವಿಶ್ವನಾಥ್) 112, ಬ್ರಿಜೇಶ್ ಪಟೇಲ್ 49 ಔಟಾಗದೆ. 406ಕ್ಕೆ 4! ಮೊದಲನೇ ಇನ್ನಿಂಗ್ಸಿನಲ್ಲಿ ನಮ್ಮ ಸ್ಪಿನ್ನರ್ ಚಂದ್ರಶೇಖರ್ 6 ವಿಕೆಟ್ ತೆಗೆದಿದ್ದರು. ವಿಶಿ, ಪಟೇಲ್, ಚಂದ್ರ ಮೂವರೂ ಕರ್ನಾಟಕದವರು. ಮೂರು ಸ್ಪಿನ್ನರ್ ಹಾಕಿ ಸೋತ ಅವರ ಕ್ಯಾಪ್ಟನ್ ಲಾಯ್ಡ್‌ಗೆ ಎಷ್ಟು ಉರಿಯಿತು ಅಂದರೆ ಮುಂದಿನ ಟೆಸ್ಟಿನಿಂದ ವೇಗಿಗಳನ್ನೇ ಛೂ ಬಿಟ್ಟರು. ಅಪ್ಪ ರೇಡಿಯೋ ಹಿಡಿದು ರಾತ್ರಿಯೆಲ್ಲಾ ಎದ್ದಿದ್ದರಂತೆ, ಸಮಯದಲ್ಲಿ ಅವರು ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ.

2007ರ ವಿಶ್ವಕಪ್ಪಲ್ಲಿ ಬಾಂಗ್ಲಾ, ಶ್ರೀಲಂಕಾ ಕೈಲಿ ಸೋತಿದ್ದೂ ಅದೇ ಮೈದಾನ. ಕ್ಯಾಪ್ಟನ್ ದ್ರಾವಿಡ್. ಆ ವಿಷಯ ಇಲ್ಲಿಗೆ ಬಿಡೋಣ.

ಕೊಪ್ಪದ ಹುಡುಗಿ

ಹ್ಹಹ್ಹ. ಮೈದುನನಿಗೆ ತೋರಿಸಿದೆ, ಕೊನೇ ಸಾಲು ಓದಿ ಫೋನ್ ವಾಪಸ್ ಕೊಟ್ಟ. ಈಗ ದುಡ್ಡಿನ ವಿಷಯ ಹೇಳಿ. ಕಂಪನಿ ಮೂರು ವರ್ಷ ನಿಲ್ಲುತ್ತದಾ?

ಲೆಕ್ಕದ ಮೇಷ್ಟ್ರು

ಇದು ಕೇಳಬೇಕಾದ ಪ್ರಶ್ನೆ. ಬೇರೆ ಕೆರಿಬಿಯನ್ ದ್ವೀಪ ಪ್ರವಾಸಿಗರಿಂದ ಬದುಕಿದರೆ, ಟ್ರಿನಿಡಾಡ್ ಬದುಕುವುದು ನೆಲದಡಿಯಿಂದ. 1908ರಿಂದ ವ್ಯಾಪಾರಕ್ಕೆ ಎಣ್ಣೆ ತೆಗೆಯುತ್ತಿದ್ದಾರೆ. ಆಮೇಲೆ ಗ್ಯಾಸಿನ ಕಾಲ ಬಂತು. ಕಬ್ಬಿನ ಗದ್ದೆ ಇದ್ದ ಪಾಯಿಂಟ್ ಲೀಸಾಸ್‌ನಲ್ಲಿ ಕೈಗಾರಿಕಾ ಪ್ರದೇಶ ಎದ್ದಿತು. ಗ್ಯಾಸಿನಿಂದ ಅಮೋನಿಯಾ, ಮೆಥನಾಲ್. ಎರಡರ ರಫ್ತಿನಲ್ಲೂ ಈ ಪುಟ್ಟ ದೇಶ ಜಗತ್ತಿನ ಮುಂಚೂಣಿಯಲ್ಲಿ ಇದೆ. 1999ರಲ್ಲಿ ಪಾಯಿಂಟ್ ಫೋರ್ಟಿನ್‌ನಿಂದ ದ್ರವ ಗ್ಯಾಸ್ ತುಂಬಿದ ಮೊದಲ ಹಡಗು ಹೋಯಿತು.

ತೊಂದರೆ ಏನು ಅಂದರೆ ಗ್ಯಾಸ್ ಕಮ್ಮಿ ಆಗುತ್ತಿದೆ. 2010ರ ಸುಮಾರಿಗೆ ದಿನಕ್ಕೆ 400 ಕೋಟಿ ಘನ ಅಡಿಗಿಂತ ಜಾಸ್ತಿ ಬರುತ್ತಿತ್ತು, ಈಗ 250 ಕೋಟಿಯ ಆಸುಪಾಸು. ದ್ರವ ಗ್ಯಾಸಿನ ನಾಲ್ಕು ಘಟಕದಲ್ಲಿ ಒಂದು 2020ರ ಕೊನೆಯಿಂದ ನಿಂತಿದೆ. ಸರ್ಕಾರಿ ರಿಫೈನರಿ 2018ರಲ್ಲಿ ಮುಚ್ಚಿತು. ಗಡಿ ಆಚೆ ವೆನೆಜುವೆಲಾದ ಡ್ರ್ಯಾಗನ್ ಅನ್ನುವ ಕಡೆ ಬೇಕಾದಷ್ಟು ಗ್ಯಾಸಿದೆ, ಆದರೆ ವೆನೆಜುವೆಲಾ ಮೇಲೆ ಅಮೆರಿಕದ ನಿರ್ಬಂಧ ಇರುವುದರಿಂದ, ತರಬೇಕು ಅಂದರೆ ಅಮೆರಿಕದ ಅನುಮತಿ ಬೇಕು. ಅವರು ಒಮ್ಮೆ ಕೊಡುತ್ತಾರೆ, ಒಮ್ಮೆ ಕಿತ್ತುಕೊಳ್ಳುತ್ತಾರೆ. ಪಾಪ, ಎದುರಿಗೆ ಅನ್ನ ಇದ್ದೂ ಉಣ್ಣಲಾರದ ಸ್ಥಿತಿ.

ಹಾಗಾಗಿ ನಿಮ್ಮವರು ಸಂಬಳ ಕೇಳುವ ಮುಂಚೆ, ಆ ಪ್ಲಾಂಟಿಗೆ ಗ್ಯಾಸ್ ಪೂರೈಕೆಯ ಒಪ್ಪಂದ ಎಲ್ಲಿವರೆಗೆ ಇದೆ ಅಂತ ಕೇಳಲಿ. ಮಧ್ಯದಲ್ಲಿ ನಿಂತರೆ ವಾಪಸ್ ಟಿಕೆಟ್ ಯಾರದು ಅಂತ ಕಾಗದದಲ್ಲಿ ಬರೆಸಿಕೊಳ್ಳಲಿ.

ಹಳೇ ಜಹಾಜಿ

ಮೇಷ್ಟ್ರ ಮಾತಿಗೆ ನನ್ನದೂ ಒಂದು ಅನುಭವ. ನನ್ನನ್ನು ಕಳಿಸಿದ ಏಜೆಂಟ್ ಮನೆ ಬಾಡಿಗೆ ಕಂಪನಿಯದೇ ಅಂತ ಬಾಯಲ್ಲಿ ಹೇಳಿದ್ದ. ಕಾಗದದಲ್ಲಿ ಇರಲಿಲ್ಲ. ಎಂಟು ತಿಂಗಳು ಕೈಯಿಂದ ಕಟ್ಟಿದೆ. ಇನ್ನೊಂದು, ಸಂಬಳ ಯಾವ ಡಾಲರಿನಲ್ಲಿ ಅಂತ ಕೇಳಿ. ಟ್ರಿನಿಡಾಡ್ ಡಾಲರ್ ಬೇರೆ, ಆರೂ ಮುಕ್ಕಾಲು ಡಾಲರಿಗೆ ಒಂದು ಅಮೆರಿಕನ್ ಡಾಲರು. ಈಗ ಅಲ್ಲಿ ವಿದೇಶಿ ಹಣದ ಬರ, ಊರಿಗೆ ದುಡ್ಡು ಕಳಿಸಲು ಬ್ಯಾಂಕಿನಲ್ಲಿ ಕಾಯಿಸುತ್ತಾರೆ ಅಂತ ಅಲ್ಲಿರುವ ಸ್ನೇಹಿತ ಹೇಳುತ್ತಿದ್ದ.

ಸಕ್ಕರೆಯ ಕಥೆಯೂ ಸೇರಿಸುತ್ತೇನೆ. ಭಾರತೀಯರನ್ನು ತಂದಿದ್ದೇ ಕಬ್ಬಿಗೆ, ಅಲ್ವಾ? ಸರ್ಕಾರಿ ಸಕ್ಕರೆ ಕಂಪನಿ ಕ್ಯಾರೊನಿಯನ್ನು 2003ರಲ್ಲಿ ಮುಚ್ಚಿದರು. ಸುಮಾರು 9,000 ಜನ ಒಂದೇ ಸಲ ಮನೆಗೆ. ನಾನಿದ್ದಾಗ ಕೂವಾ ಸುತ್ತ ಕಬ್ಬು ತಾನಾಗೇ ಎದ್ದು ಕಾಡಾಗಿತ್ತು. ಆಜೀ ಅದನ್ನು ನೋಡಿ "ನನ್ನ ಬೆನ್ನು ಮುರಿದ ಹಾಳು ಹುಲ್ಲು" ಅನ್ನುತ್ತಿದ್ದರು. ಆದರೂ ಅಂಗಳದಲ್ಲಿ ನಾಲ್ಕು ಬುಡ ನೆಟ್ಟುಕೊಂಡಿದ್ದರು.

ದಕ್ಷಿಣಕ್ಕೆ ಲಾ ಬ್ರೇಯಲ್ಲಿ ಡಾಂಬರಿನ ಕೆರೆ ಇದೆ, ನೂರು ಎಕರೆ. ನೋಡಲು ಹಳೇ ಕಾರ್ ಪಾರ್ಕಿಂಗ್ ಥರ, ಮೊದಲಿಗೆ ಇಷ್ಟೇನಾ ಅನಿಸುತ್ತದೆ. ಕಾಲಿಟ್ಟರೆ ಮೆಲ್ಲಗೆ ತಗ್ಗುತ್ತದೆ. ಒಂದೇ ಕಡೆ ನಿಂತು ಫೋಟೋ ಹೊಡೆಯುತ್ತಿದ್ದೆ, ಎತ್ತುವಾಗ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಗೈಡ್ ಮೊದಲೇ ಹೇಳಿದ್ದ, ನಾನೇ ಕೇಳಲಿಲ್ಲ. ವಾಲ್ಟರ್ ರ‍್ಯಾಲಿ ಅನ್ನುವ ಇಂಗ್ಲಿಷಿನವ 1595ರಲ್ಲಿ ಇದೇ ಡಾಂಬರಿನಿಂದ ತನ್ನ ಹಡಗಿನ ಸಂದಿ ಮುಚ್ಚಿದನಂತೆ.

ಕೊಪ್ಪದ ಹುಡುಗಿ

ಕೊಲೆ ಸುದ್ದಿ ಬಗ್ಗೆ ಯಾರೂ ಮಾತಾಡಲಿಲ್ಲ...

ಹಳೇ ಜಹಾಜಿ

ಮುಚ್ಚಿಡಲ್ಲ. 2024ರಲ್ಲಿ 600ಕ್ಕೂ ಜಾಸ್ತಿ ಕೊಲೆ ಆಯಿತು, 14 ಲಕ್ಷ ಜನರ ದೇಶದಲ್ಲಿ. ಡಿಸೆಂಬರ್ ಕೊನೆಗೆ ತುರ್ತು ಪರಿಸ್ಥಿತಿ ಹೇರಿದರು, 2025ರಲ್ಲಿ ಮತ್ತೆ. ಬಹಳಷ್ಟು ಗ್ಯಾಂಗುಗಳ ಜಗಳ, ಡ್ರಗ್ಸ್, ಬಂದೂಕು. ಆದರೆ ಮನೆಗೆ ನುಗ್ಗಿ ದೋಚುವುದೂ ಇದೆ. ಎಲ್ಲ ಮನೆಗೂ ಕಬ್ಬಿಣದ ಸರಳು, ನಾಯಿ. ಗೇಟಿರುವ ಕಾಲೊನಿಯಲ್ಲಿ ಮನೆ ನೋಡಿ, ಕತ್ತಲಾದ ಮೇಲೆ ಗೊತ್ತಿಲ್ಲದ ಕಡೆ ಹೋಗಬೇಡಿ, ಚಿನ್ನ ಹಾಕಿಕೊಂಡು ಓಡಾಡಬೇಡಿ. ನಾಲ್ಕು ವರ್ಷದಲ್ಲಿ ನಮಗೆ ಏನೂ ಆಗಲಿಲ್ಲ. ಆದರೆ ನನ್ನ ಕಾಲಕ್ಕಿಂತ ಈಗ ಕೆಟ್ಟಿದೆ. ಮೊದಲು ಅವರು ಒಬ್ಬರೇ ಹೋಗಿ ಎರಡು ಮೂರು ತಿಂಗಳು ನೋಡಿ, ಆಮೇಲೆ ನೀವು ಮಗಳನ್ನು ಕರೆದುಕೊಂಡು ಹೋಗುವುದು ವಾಸಿ.

ಕೊಪ್ಪದ ಹುಡುಗಿ

ಇದೇ ಸರಿ ಅನಿಸುತ್ತಿದೆ. ಕೊನೇ ಪ್ರಶ್ನೆ, ಊಟ. ನಾವು ಸಸ್ಯಾಹಾರಿಗಳು.

ಹಳೇ ಜಹಾಜಿ

ಬೆಳಿಗ್ಗೆ ರಸ್ತೆ ಬದಿ ಡಬಲ್ಸ್. ಅರಿಶಿನ ಹಾಕಿ ಕರಿದ ಮೆತ್ತನೆ ಬಾರಾ ಎರಡು, ಮಧ್ಯೆ ಕಡಲೆಕಾಳಿನ ಕರಿ, ಮೇಲೆ ಹುಣಸೆ ಚಟ್ನಿ, ಸೌತೆಕಾಯಿ, ಮೆಣಸಿನ ಸಾಸು. ಬಾರಾ ಅಂದರೆ ನಮ್ಮ ವಡೆ ಅಲ್ಲ, ಪುಟ್ಟ ಬಟೂರದ ಥರ. ಕಾಗದದಲ್ಲಿ ಸುತ್ತಿ ಕೊಡುವ ವೇಗ ನೋಡಬೇಕು. ಖಾರ ಎಷ್ಟು ಅಂತ ಕೇಳುತ್ತಾನೆ, "ಸ್ಲೈಟ್" ಅನ್ನಿ. ನಾನು ಆಂಧ್ರ ಊಟ ತಿಂದವನು ಅಂತ ಜಂಬದಲ್ಲಿ ಜಾಸ್ತಿ ಹಾಕಿಸಿಕೊಂಡು ಒಂದು ಲೀಟರ್ ನೀರು ಕುಡಿದೆ.

ಮಾರ್ಕೆಟ್ಟಿನಲ್ಲಿ ಅಲಸಂದೆಕಾಯಿಗೆ ಬೋಡಿ, ಬದನೆಗೆ ಬೈಗನ್, ಜೀರಿಗೆಗೆ ಗೀರಾ. ಕೊತ್ತಂಬರಿಗೆ ಬದಲು ಶಾಡೋ ಬೆನಿ ಅನ್ನುವ ಉದ್ದ ಎಲೆ, ನಮ್ಮ ತೋಟದ ಬದಿಯಲ್ಲಿ ಬೆಳೆಯುವ ಕಾಡು ಕೊತ್ತಂಬರಿಯೇ. ಇನ್ನೊಂದು ಹೇಳಿದರೆ ಕೊಪ್ಪದವರು ನಂಬಲ್ಲ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಬಳಿದು, ಸುರುಳಿ ಸುತ್ತಿ, ಕತ್ತರಿಸಿ ಕರಿಯುತ್ತಾರೆ. ಅವರ ಬಾಯಲ್ಲಿ ಅದು ಸಹೀನಾ.

ಕೊಪ್ಪದ ಹುಡುಗಿ

ಪತ್ರೊಡೆ!!! ಅತ್ತೆಗೆ ಈಗಲೇ ಓದಿ ಹೇಳಿದೆ. "ಹುಣಸೆಹಣ್ಣು ಸರಿಯಾಗಿ ಹಾಕುತ್ತಾರಾ ಕೇಳು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ" ಅಂತಿದ್ದಾರೆ.

ಹಳೇ ಜಹಾಜಿ

ಹುಣಸೆ ಚಟ್ನಿ ಪಕ್ಕಕ್ಕೆ ಕೊಡುತ್ತಾರೆ ಅಂತ ಹೇಳಿ. ತುರಿಸಲ್ಲ. ಸಾಂಬಾರ್ ಪುಡಿ ಮಾತ್ರ ಎರಡು ಕೆಜಿ ಒಯ್ಯಿರಿ.